ಹದಿನೇಳರ ಸೋಮವಾರ

ಶಿವಲೀಲಾಳ ಲೆಕ್ಕ ಮೊದಲ ಸಲ ಸರಿಯಾಗಿ ಕೂತ ದಿನ, ಕಲ್ಲಿನ ಖಣಿಯ ಅಡಿಯಲ್ಲಿದ್ದ ಆ ಹಜಾರದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಜಗದೇವಿಯೂ ಕೈ ಎತ್ತಿದಳು. ಆದರೆ ಅವಳ ಎರಡು ಅಂಗೈ ಒಂದಕ್ಕೊಂದು ತಾಗಲಿಲ್ಲ.

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಕೆಂಪು ಗೆರೆ ಶಿವಲೀಲಾಳದು. ಯಾವ ಡಿಸ್ಕು ಕೇಳಿದ್ದನ್ನು ಹುಡುಕಿ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅವಳು ಮೊದಲೇ ಲೆಕ್ಕ ಹಾಕಿ ಎಳೆದದ್ದು. ನೀಲಿ ಗೆರೆ ಡಿಸ್ಕುಗಳದು, ನಿಜವಾಗಿ ಹಿಡಿದ ಹೊತ್ತು. ಮೂರು ತಿಂಗಳು ಒಂದು ಏರಿದರೆ ಇನ್ನೊಂದು ಇಳಿಯುತ್ತಿದ್ದ ಆ ಗೆರೆಗಳು ಇವತ್ತು ಒಂದರ ಮೇಲೊಂದು ಒರಗಿಕೊಂಡು ಸಾಗಿದ್ದವು.

ಹಜಾರದ ಮೇಲ್ವಿಚಾರಕ ಅಂಬಾರಾಯ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. “ಏನ್ ಮೇಡಂ, ಡಿಸ್ಕಿನ ಹೊಟ್ಯಾಗ ಹೊಕ್ಕು ಕುಂತು ಬಂದೀರೇನ್ರಿ?” ಎಂದು ನಕ್ಕು, ಗೋಡೆಗೆ ಆತು ನಿಂತಿದ್ದ ಜಗದೇವಿಯ ಕಡೆ ತಿರುಗಿದ. “ಇನ್ನ ಮ್ಯಾಲ ನೀ ಕಲ್ಲಿಗಿ ಕೈ ಹಚ್ಚಿ ಕೂಡೋ ತ್ರಾಸ ಇಲ್ಲ ನೋಡವ್ವ. ಸರದಿ ಎಲ್ಲಾ ನಿಮ್ಮ ವೈನಿ ಲೆಕ್ಕಾನೇ ಹಚ್ತದ.”

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಜಗದೇವಿಗೆ ಹೆಚ್ಚು ಚುಚ್ಚಿತು.

ಸೂರ್ಯನ ಬಿರುಗಾಳಿ ಬಂದು ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಂದು ನೆಲದ ಮೇಲಿದ್ದ ನೆನಪಿನ ಚಿಪ್‌ಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಖಾಲಿಯಾದವು. ಫೋನಿನಲ್ಲಿ ಫೋಟೊ ಇಲ್ಲ, ಆಸ್ಪತ್ರೆಯಲ್ಲಿ ಕಾರ್ಡಿಲ್ಲ, ಕಚೇರಿಯಲ್ಲಿ ಪಹಣಿ ಇಲ್ಲ. ಉಳಿದದ್ದು, ಯಾರಿಗೂ ಬೇಡವಾಗಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಹಳೆಯ ಖಣಿಯೊಳಗೆ ಒಟ್ಟಿಟ್ಟಿದ್ದ ತಿರುಗುವ ಡಿಸ್ಕುಗಳು ಮಾತ್ರ. ಅವುಗಳಲ್ಲಿ ಇನ್ನೂರ ಹನ್ನೆರಡು ಈಗಲೂ ತಿರುಗುತ್ತಿದ್ದವು. ಹೊಸದನ್ನು ಮಾಡುವ ಕಾರ್ಖಾನೆ ಎಲ್ಲೂ ಇರಲಿಲ್ಲ. ಒಂದು ಕೆಟ್ಟರೆ ಒಂದು ಕಡಿಮೆ, ಅಷ್ಟೇ.

ಡಿಸ್ಕೆಂದರೆ ಪೆಟ್ಟಿಗೆಯೊಳಗೆ ಕನ್ನಡಿಯಂಥ ಬಿಲ್ಲೆ. ಸೆಕೆಂಡಿಗೆ ನೂರಿಪ್ಪತ್ತು ಸುತ್ತು ತಿರುಗುತ್ತದೆ. ಅದರ ಮೇಲೆ, ಹೊಗೆಯ ಕಣಕ್ಕೂ ಜಾಗವಿಲ್ಲದಷ್ಟು ಹತ್ತಿರದಲ್ಲಿ, ಒಂದು ಸಣ್ಣ ತೋಳು ಒಳಗೂ ಹೊರಗೂ ಆಡುತ್ತದೆ. ಯಾರೋ ಏನೋ ಕೇಳಿದಾಗ ತೋಳು ಆ ಉಂಗುರಕ್ಕೆ ಹೋಗಬೇಕು, ಬೇಕಾದ ಜಾಗ ತಿರುಗಿ ತನ್ನ ಕೆಳಗೆ ಬರುವ ತನಕ ಕಾಯಬೇಕು, ಆಮೇಲೆ ಓದಬೇಕು. ತುಸು ತಪ್ಪಿದರೆ ಇನ್ನೊಂದು ಸುತ್ತು ಕಾಯಬೇಕು. ಹೆಚ್ಚು ಓಡಾಡಿಸಿದಷ್ಟೂ ತೋಳು ಸವೆಯುತ್ತದೆ. ಆದ್ದರಿಂದ ದಿನಕ್ಕೆ ಬರುವ ಸಾವಿರಾರು ಚೀಟಿಗಳನ್ನು ಬಂದ ಹಾಗೆ ಒಳಗೆ ಬಿಡುವಂತಿರಲಿಲ್ಲ. ಬಸ್ಸು ದಾರಿಯುದ್ದಕ್ಕೂ ಒಬ್ಬೊಬ್ಬರನ್ನು ಇಳಿಸುತ್ತ ಹೋಗಿ, ಕೊನೆಯ ಊರು ಮುಟ್ಟಿ, ಹತ್ತಿಸಿಕೊಳ್ಳುತ್ತ ಮರಳುವ ಹಾಗೆ ಚೀಟಿಗಳನ್ನು ಜೋಡಿಸಬೇಕಿತ್ತು. ಅದಕ್ಕೆ ಸರದಿ ಹಚ್ಚುವುದು ಎನ್ನುತ್ತಿದ್ದರು.

ಹನ್ನೊಂದು ವರ್ಷದಿಂದ ಸರದಿ ಹಚ್ಚುತ್ತಿದ್ದವಳು ಜಗದೇವಿ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಹದಿನೈದಕ್ಕೆ ಇಲ್ಲಿ ಕಸ ಹೊಡೆಯಲು ಬಂದವಳು. ಯಾರೊಡನೆಯೂ ಮಾತಿಲ್ಲದೆ ಗೋಡೆಯ ಪಕ್ಕ ನಿಂತು ನೋಡುತ್ತಿದ್ದಳು. ಡಿಸ್ಕುಗಳನ್ನು ಕೂರಿಸಿದ್ದ ದಪ್ಪ ಪರಸಿ ಕಲ್ಲಿಗೆ ಅಂಗೈ ಇಟ್ಟರೆ, ಒಳಗಿನ ತೋಳಿನ ಓಡಾಟ ಇರುವೆ ಹರಿದಂತೆ ತಿಳಿಯುತ್ತಿತ್ತು. ಯಾವುದು ಬೆಳಗಿನ ಹೊತ್ತು ಸೋಮಾರಿ, ಯಾವುದರ ತೋಳು ಒಳಕ್ಕೆ ಹೋಗುವಾಗ ಒಂದು ಉಂಗುರ ದಾಟಿ ಹೋಗಿ ಹಿಂದೆ ಬರುತ್ತದೆ, ಎಲ್ಲ ಅವಳಿಗೆ ಗೊತ್ತಾಯಿತು. ಕಲಿಸಿದ ಮಲ್ಕಮ್ಮ ತೀರಿಕೊಂಡಳು, ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟರು. ಹಳಬರಲ್ಲಿ ಉಳಿದವಳು ಅವಳೊಬ್ಬಳೇ. ಅಂಬಾರಾಯನೂ ಏನೇ ಆದರೂ, “ಜಗದೇವಿನ ಕೇಳ್ರಿ” ಎನ್ನುತ್ತಿದ್ದ. ಬದುಕಿನಲ್ಲಿ ತನ್ನ ಹೆಸರನ್ನು ಯಾರಾದರೂ ಹಾಗೆ ಹೇಳುತ್ತಾರೆ ಎಂದು ಅವಳು ಅಂದುಕೊಂಡಿರಲಿಲ್ಲ.

ಶಿವಲೀಲಾ ಹೊಸ ಇಂಜಿನಿಯರಾಗಿ ಬಂದಾಗ ಅವಳನ್ನು ಮೊದಲ ದಿನ ಊಟಕ್ಕೆ ಮನೆಗೆ ಕರೆದೊಯ್ದವಳೂ ಜಗದೇವಿಯೇ. ಅಣ್ಣ ಚನ್ನವೀರ ಕಲ್ಲು ಪಾಲಿಶ್ ಮಾಡುವ ಮಿಲ್ಲಿನಿಂದ ಬಂದು, ಮುಖದ ಮೇಲಿನ ಬಿಳಿ ದೂಳು ಸಹ ಒರೆಸಿಕೊಳ್ಳದೆ ಬಾಗಿಲಲ್ಲಿ ನಿಂತುಬಿಟ್ಟಿದ್ದ. ಆರು ತಿಂಗಳಲ್ಲಿ ಮದುವೆ. ಈಗ ಅವಳು ಮನೆಯಲ್ಲಿ ವೈನಿ, ಹಜಾರದಲ್ಲಿ ಮೇಡಂ.

*

ಭಾನುವಾರ ಬೆಳಿಗ್ಗೆ ಶಿವಲೀಲಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವ್ವ ಗುಂಡಮ್ಮ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದಳು.

“ನೋಡ ಜಗದೇವಿ, ಆಚಿಗಿನ ಮನುಷ್ಯಾ ಕಾಣಸ್ತಾನ! ಸಾಲಿ ಕಲ್ತಾಕಿಗಿ ರೊಟ್ಟಿ ಎಲ್ಲಿ ಬರ್ತದ ಅಂದಿದ್ದೆ ನಾ.”

“ನಂದೂ ತೆಳ್ಳಗ ಇರ್ತಾವಲ್ಲವ್ವ.”

“ನಿಂದು ಇರ್ತಾವ ಬಿಡು. ಸುತ್ತ ಮಾತ್ರ ಸೀಳಿರ್ತಾವ.”

ಚನ್ನವೀರ ನಕ್ಕ. ಶಿವಲೀಲಾ ನಗಲಿಲ್ಲ. ಅದೂ ಜಗದೇವಿಗೆ ಹಿಡಿಸಲಿಲ್ಲ. ನಕ್ಕಿದ್ದರೆ ಸಿಟ್ಟಾಗಲು ಒಂದು ಕಾರಣವಾದರೂ ಸಿಗುತ್ತಿತ್ತು. ಪುಂಡಿಪಲ್ಯ ನೆಂಚಿಕೊಂಡು ತಲೆ ತಗ್ಗಿಸಿ ತಿಂದಳು. ರೊಟ್ಟಿ ನಿಜವಾಗಿಯೂ ಚೆನ್ನಾಗಿತ್ತು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಇನ್ನೊಂದು ಹಾಕಿಸಿಕೊಂಡಳು.

ಅವ್ವ ಹಿತ್ತಲಿಗೆ ಹೋದ ಮೇಲೆ ಶಿವಲೀಲಾ ಕೈಯ ಹಿಟ್ಟು ತೊಳೆಯುತ್ತ ಕೇಳಿದಳು.

“ಜಗದೇವಿ, ಒಂದು ಮಾತು. ಹದಿನೇಳನೇ ಡಿಸ್ಕಿನ ಹಳೇ ದಾಖಲೆ ನೋಡ್ಲಕತ್ತಿದ್ದೆ. ಹನ್ನೊಂದು ವರ್ಷದಾಗ ಒಂದು ಸೋಮವಾರನೂ ಅದಕ್ಕ ಒಂದು ಚೀಟಿ ಹೋಗಿಲ್ಲ. ಮಂಗಳವಾರ ಮಾತ್ರ ಡಬಲ್. ಯಾಕ?”

ಜಗದೇವಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಬಿರುಗಾಳಿಯ ನಂತರ ಮೊಟ್ಟಮೊದಲು ತಿರುಗಿದ್ದು ಹದಿನೇಳು. ಹೆಂಗಸರು ಅದಕ್ಕೆ ಬಸವ ಎಂದು ಹೆಸರಿಟ್ಟಿದ್ದರು. ಈ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. “ಬಸವಣ್ಣನ ವಾರ ಎತ್ತಿನ ಹೆಗಲಿಗಿ ನೊಗ ಇಡ್ತಾರೇನ?” ಎಂದು ಮಲ್ಕಮ್ಮ ಹದಿನೇಳರ ಸೋಮವಾರದ ಚೀಟಿಗಳನ್ನು ಸದ್ದಿಲ್ಲದೆ ಮಂಗಳವಾರದ ಕಟ್ಟಿಗೆ ಸೇರಿಸುತ್ತಿದ್ದಳು. ಜಗದೇವಿಯೂ ಹಾಗೆಯೇ ಮಾಡಿಕೊಂಡು ಬಂದಿದ್ದಳು. ಗೊತ್ತಾದರೆ ಬೈದಾನು ಎಂಬ ಭಯಕ್ಕೆ ಇದನ್ನು ಯಾರೂ ಅಂಬಾರಾಯನಿಗೆ ಹೇಳಿರಲಿಲ್ಲ, ಎಲ್ಲೂ ಬರೆದಿರಲೂ ಇಲ್ಲ.

ಆದರೆ ಜಗದೇವಿಯ ಅಂಗೈಗೆ ಇನ್ನೊಂದು ಸಂಗತಿಯೂ ತಿಳಿದಿತ್ತು. ಹದಿನೇಳರ ಕಲ್ಲು ಗಾಳಿಯಾಡದ ಮೂಲೆಯಲ್ಲಿತ್ತು, ಉಳಿದವುಗಳಿಗಿಂತ ಎರಡು ಪಟ್ಟು ದಪ್ಪ. ತೋಳು ಓಡಾಡಿದ ಕಾವು ದಿನದಿನವೂ ಆ ಕಲ್ಲಿಗೆ ಇಳಿಯುತ್ತಿತ್ತು. ಶನಿವಾರ, ಭಾನುವಾರದ ಹೊತ್ತಿಗೆ ಅದು ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಾಗುತ್ತಿತ್ತು. ತೋಳು ಹಿಗ್ಗಿ, ಒಂದೇ ಜಾಗವನ್ನು ಎರಡೆರಡು ಸಲ ಹುಡುಕುತ್ತಿತ್ತು. ಸೋಮವಾರ ಬಿಡುವು ಸಿಕ್ಕರೆ ಕಲ್ಲು ಆರಿ, ಮಂಗಳವಾರಕ್ಕೆ ಮತ್ತೆ ಸರಿಹೋಗುತ್ತಿತ್ತು. ಏಳು ದಿನವೂ ದುಡಿಸಿದರೆ ಏನಾಗುತ್ತದೆ ಎಂಬುದು ದಾಖಲೆಯಲ್ಲಿ ಇರಲಿಲ್ಲ, ಏಕೆಂದರೆ ಯಾರೂ ಎಂದೂ ದುಡಿಸಿರಲಿಲ್ಲ.

ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಒಲೆಯ ಪಕ್ಕದಲ್ಲಿ ಬುಟ್ಟಿಯ ತುಂಬ ವೈನಿಯ ರೊಟ್ಟಿಗಳು, ಒಂದರ ಅಂಚೂ ಸೀಳಿರಲಿಲ್ಲ.

“ನಂಗೇನ್ ಗೊತ್ತ್ರಿ ವೈನಿ,” ಎಂದಳು ಜಗದೇವಿ. “ಸೋಮವಾರ ಯಾರೂ ಕೇಳಿರಲಿಕ್ಕಿಲ್ಲ.”

ಶಿವಲೀಲಾ ಅವಳನ್ನೇ ಒಂದು ಗಳಿಗೆ ನೋಡಿದಳು. “ಹಂಗಂದ್ರ ಸೋಮವಾರ ಅದು ಪೂರ್ತಿ ಖಾಲಿ. ಮಂಗಳವಾರದ ಹೊರಿ ಅರ್ಧ ಅಲ್ಲಿಗಿ ಹಾಕ್ತೀನಿ.”

*

ಮರುದಿನ ಸೋಮವಾರ ಹದಿನೇಳಕ್ಕೆ ಮೊದಲ ಚೀಟಿ ಹೋಯಿತು. ಜಗದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪರದೆ ನೋಡುತ್ತ ನಿಂತಳು. ಈಗ ಬೇರೆಯಾಗುತ್ತವೆ, ಈಗ ಬೇರೆಯಾಗುತ್ತವೆ ಎಂದು ಕಾದಳು. ಕೆಂಪು, ನೀಲಿ ಗೆರೆಗಳು ಬೆಸೆದುಕೊಂಡೇ ಸಾಗಿದವು. ಒಂದೇ ಒಂದು ಸಲವೂ ಎಡವಲಿಲ್ಲ.

ಮೇಲಿನ ಕೌಂಟರಿಗೆ ಕಾಶಿಬಾಯಿ ಬಂದಿದ್ದಳು. ಅರವತ್ತು ದಾಟಿದ ಹೆಂಗಸು. ಅವಳ ಮಗಳು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಹಾಡಿದ ಹಾಡು ಹದಿನೇಳರಲ್ಲಿತ್ತು. ನಲವತ್ತು ಸೆಕೆಂಡು. ಆ ಮಗಳು ಈಗಿಲ್ಲ. ಕಾಶಿಬಾಯಿ ಪ್ರತಿ ಸೋಮವಾರ ಚೀಟಿ ಕೊಟ್ಟು, ಅಲ್ಲೇ ಊರಲ್ಲಿ ತಂಗಿಯ ಮನೆಯಲ್ಲಿದ್ದು, ಮಂಗಳವಾರ ಹಾಡು ಕೇಳಿ ಹೋಗುತ್ತಿದ್ದಳು. ಅವತ್ತು ಚೀಟಿ ಕೊಟ್ಟ ಹತ್ತೇ ನಿಮಿಷದಲ್ಲಿ ಹಾಡು ಬಂತು.

“ಯವ್ವಾ, ಕುಂತಲ್ಲೇ ಬಂತಲ್ಲ!” ಎಂದು ಕಾಶಿಬಾಯಿ ಶಿವಲೀಲಾಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. “ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ.”

ಹನ್ನೊಂದು ವರ್ಷ ಆ ಮುದುಕಿಗೆ ಕೂರಲು ಜಾಗ ಕೊಟ್ಟು, ಕುಡಿಯಲು ನೀರು ಕೊಟ್ಟವಳು ಜಗದೇವಿ. ಅವಳ ಕೈಯನ್ನು ಕಾಶಿಬಾಯಿ ಒಮ್ಮೆಯೂ ಹಾಗೆ ಹಿಡಿದಿರಲಿಲ್ಲ.

ಆ ವಾರ ಜಗದೇವಿಗೆ ಕೆಲಸವೇ ಇರಲಿಲ್ಲ. ಅಂಬಾರಾಯ ದೂಳು ಒರೆಸುವ ಬಟ್ಟೆ ಕೊಟ್ಟು, “ಸದ್ಯಕ್ಕ ಇದು ನೋಡ್ಕೊ” ಎಂದ. ಮಂಗಳವಾರ ಒರೆಸುವ ನೆಪದಲ್ಲಿ ಹದಿನೇಳರ ಕಲ್ಲಿಗೆ ಕೈಯಿಟ್ಟಳು. ಆರಿರಲಿಲ್ಲ. ಗುರುವಾರ ಮೊದಲಿನ ಶನಿವಾರಕ್ಕಿಂತ ಬಿಸಿಯಿತ್ತು. ಶುಕ್ರವಾರ ಅಂಗೈ ಕೆಳಗೆ ಇರುವೆ ಹೋಗಿ, ನಿಂತು, ಮತ್ತೆ ಹೋಯಿತು. ಎರಡು ಸಲ ಹುಡುಕುತ್ತಿತ್ತು.

ಹೇಳಿಬಿಡೋಣ ಎಂದು ಅವಳು ನಿಜವಾಗಿಯೂ ಪರದೆಯ ಕೋಣೆಯ ತನಕ ಹೋದಳು. ಒಳಗೆ ಅಂಬಾರಾಯ ಮೇಲಿನ ಕಚೇರಿಯಿಂದ ಬಂದ ಇಬ್ಬರಿಗೆ ಶಿವಲೀಲಾಳನ್ನು ತೋರಿಸುತ್ತಿದ್ದ. “ಮೊದಲೆಲ್ಲಾ ಇಲ್ಲಿ ಕೈ ಹಚ್ಚಿ ಅಂದಾಜ್ ಮ್ಯಾಲ ನಡೀತಿತ್ರಿ,” ಎನ್ನುತ್ತಿದ್ದ. “ಈಗ ಶಾಸ್ತ್ರ.”

ಜಗದೇವಿ ಬಟ್ಟೆ ಹಿಂಡಿಕೊಂಡು ಹಾಗೇ ವಾಪಸು ಬಂದಳು. ತಿಳಿಯಲಿ ಅವರಿಗೆ, ಶಾಸ್ತ್ರ ಎಂದರೇನು ಎಂದು. ಗೆರೆಗಳು ತುಸು ಬಿರಿಯಲಿ, ಎಲ್ಲರ ಎದುರಿಗೆ ಒಮ್ಮೆ ಬಿರಿಯಲಿ, ಆಮೇಲೆ ಹೇಳಿದರಾಯಿತು. ಬಸವನಿಗೇನೂ ಆಗುವುದಿಲ್ಲ, ಅವನು ಗಟ್ಟಿ.

ಶನಿವಾರ ನೀಲಿ ಗೆರೆ ಕೆಂಪಿನಿಂದ ಕೂದಲೆಳೆಯಷ್ಟು ಮೇಲೆದ್ದಿತು. ಶಿವಲೀಲಾ ಪೆನ್ನು ಕಚ್ಚುತ್ತ, ಹಜಾರದ ಗಾಳಿಯ ಕಾವು ಎಷ್ಟಿದೆ ಎಂದು ನಾಲ್ಕು ಸಲ ನೋಡಿದಳು. ಗಾಳಿಯ ಕಾವು ಎಂದಿನಂತೆ ಇತ್ತು. ಕಲ್ಲಿನ ಕಾವು ಅಳೆಯುವ ಸಾಧನವೇ ಅಲ್ಲಿರಲಿಲ್ಲ. ಅವಳ ಹುಬ್ಬು ಗಂಟಿಕ್ಕಿದ್ದನ್ನು ನೋಡಿ ಜಗದೇವಿಗೆ ಬೆಲ್ಲ ಬಾಯಿಗೆ ಹಾಕಿಕೊಂಡಂತಾಯಿತು. ಅಂದು ಸಂಜೆ ಮನೆಯಲ್ಲಿ ಬೇಳೆಗೆ ಉಪ್ಪು ಹಾಕುವುದನ್ನು ಶಿವಲೀಲಾ ಮರೆತಳು. ಅವ್ವ ಏನೂ ಅನ್ನಲಿಲ್ಲ. “ಪಾಪ, ಕೆಲಸದ ಚಿಂತಿ ಅದ ಆಕಿಗಿ,” ಎಂದು ತಾನೇ ಎದ್ದು ಉಪ್ಪು ತಂದಳು. ಬಾಯಲ್ಲಿದ್ದ ಬೆಲ್ಲ ಅಲ್ಲೇ ಕಹಿಯಾಯಿತು.

*

ಎರಡನೆಯ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಜಗದೇವಿ ಮೂಲೆಯಲ್ಲಿ ನೆಲ ಒರೆಸುತ್ತಿದ್ದಳು. ಮೊದಲು ತಿಳಿದದ್ದು ಪಾದಕ್ಕೆ. ಕಲ್ಲು ಒಂದು ಸಲ ನಡುಗಿತು. ಆಮೇಲೆ ಕಿವಿಗೆ ಬಂತು, ಕಾದ ಹಂಚಿನ ಮೇಲೆ ಉಗುರು ಎಳೆದಂಥ ಸದ್ದು.

ಅವಳು ಬಟ್ಟೆ ಎಸೆದು ಓಡಿದಳು. ಮಾತು ಕಮ್ಮಿಯ ಜಗದೇವಿ ಅವತ್ತು ಕೂಗಿದ ಕೂಗು ಹಜಾರದ ಆ ತುದಿಗೂ ಕೇಳಿತು. “ವೈನೀ! ತೋಳು ತೆಗೀರಿ! ಹದಿನೇಳು, ತೋಳು ಹೊರಗ ತೆಗೀರಿ!”

ಶಿವಲೀಲಾ ಏಕೆ ಎಂದು ಕೇಳಲಿಲ್ಲ. ಕೇಳದೆಯೇ ಗುಂಡಿ ಒತ್ತಿದಳು. ತೋಳು ಹೊರಗೆ ಸರಿದು ನಿಂತಿತು, ಬಿಲ್ಲೆ ಬರಿದೇ ತಿರುಗತೊಡಗಿತು. ಡಿಸ್ಕು ಉಳಿಯಿತು. ಆದರೆ ತೋಳು ತಾಗಿದ ಕಡೆ ಹೊರಗಿನ ಉಂಗುರಗಳ ಒಂದು ಪಟ್ಟಿ ಕೆರೆದುಹೋಗಿತ್ತು. ಹೊರಗಿನ ಉಂಗುರಗಳಲ್ಲಿ ಬೇಗ ಓದಬಹುದು, ಅದಕ್ಕೇ ಜನ ಹೆಚ್ಚು ಕೇಳುವುದನ್ನೆಲ್ಲ ಅಲ್ಲೇ ಇಟ್ಟಿದ್ದರು.

ಮಧ್ಯಾಹ್ನ ಅಂಬಾರಾಯ ಎಲ್ಲರನ್ನೂ ಕೌಂಟರಿನ ಬಳಿ ನಿಲ್ಲಿಸಿಕೊಂಡ. ಅವನ ಮುಖ ಸುಣ್ಣದಂತಾಗಿತ್ತು.

“ತಪ್ಪು ನನ್ನ ಲೆಕ್ಕದ್ದು,” ಎಂದಳು ಶಿವಲೀಲಾ. “ಸೋಮವಾರ ಹೊರಿ ಹಾಕಿದಾಕಿ ನಾನು. ಬರದು ಕೊಡ್ತೀನಿ.”

ಅಂಬಾರಾಯ ಅವಳ ಮುಖ ನೋಡಲಿಲ್ಲ. “ನಾಳಿಯಿಂದ ಸರದಿ ಮತ್ತ ಜಗದೇವೀನೇ ಹಚ್ಚಲಿ,” ಎಂದ. “ಈ ಲೆಕ್ಕ ಸದ್ಯಕ್ಕ ಬಂದ್ ಇಡ್ರಿ ಮೇಡಂ.”

ಇಷ್ಟು ದಿನ ಜಗದೇವಿ ಬಯಸಿದ್ದು ಇದನ್ನೇ. ಇದೇ ಮಾತು, ಇದೇ ಜನರ ಎದುರಿಗೆ. ಅದು ಅವಳ ಕೈಗೆ ಬಂತು. ಬೆನ್ನು ತಾನಾಗಿ ನೆಟ್ಟಗಾಯಿತು, ಅದನ್ನು ಅವಳು ತಡೆಯಲಿಲ್ಲ.

ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ಕಾಶಿಬಾಯಿ ಎದ್ದು ಬಂದಳು. ಬೆಳಿಗ್ಗೆ ಚೀಟಿ ಕೊಟ್ಟವಳು, ಇನ್ನೂ ಕಾಯುತ್ತಲೇ ಇದ್ದಳು. ಯಾರೋ ಅವಳಿಗೆ ಹಾಡು ಹೋಯಿತು ಎಂದು ಹೇಳಿದ್ದರು.

“ಸಾಹೇಬ್ರ,” ಎಂದು ಅವಳು ಅಂಬಾರಾಯನನ್ನು ಮೆಲ್ಲಗೆ ಕೇಳಿದಳು, “ನಾ ಭಾಳ ಸಲ ಕೇಳಿದ್ದಕ್ಕ ಸವದು ಹೋತೇನ್ರಿ? ಕೇಳಿದ್ರ ಸವೀತದ ಅಂತಿದ್ರಿ ನೀವು. ಹೋದ ವಾರ ಜಲ್ದಿ ಬಂತಂತ ಮತ್ತೊಂದು ಸಲ ಚೀಟಿ ಕೊಟ್ಟಿದ್ದೆ. ಎರಡು ಸಲ ಕೇಳಿದೆ. ಒಂದ ಸಲ ಸಾಕಿತ್ತು ನಂಗ. ಆಸಿ ಬಿತ್ತು.”

ಅಂಬಾರಾಯ ಕನ್ನಡಕ ತೆಗೆದು ಒರೆಸತೊಡಗಿದ.

“ಅಲ್ಲ ಆಯಿ,” ಎಂದಳು ಜಗದೇವಿ. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. “ನೀವಲ್ಲ. ವೈನೀನೂ ಅಲ್ಲ. ಹದಿನೇಳಕ್ಕ ಸೋಮವಾರ ಬಿಡುವು ಬೇಕಿತ್ತು. ಕಲ್ಲು ಕಾಯ್ತದ. ನನಗ ಗೊತ್ತಿತ್ತು. ಹೋದ ಹಿಂದಿನ ಐತಾರ ವೈನಿ ನನ್ನ ಕೇಳಿದ್ರು. ಗೊತ್ತಿಲ್ಲ ಅಂದೆ.”

“ಯಾಕವ್ವ?” ಎಂದ ಅಂಬಾರಾಯ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಕಾಶಿಬಾಯಿಗೆ ಅರ್ಥವಾಯಿತು. ಅವಳು ಜಗದೇವಿಯನ್ನು, ಆಮೇಲೆ ಶಿವಲೀಲಾಳನ್ನು, ಮತ್ತೆ ಜಗದೇವಿಯನ್ನು ನೋಡಿದಳು. ಬೈಯಲಿಲ್ಲ. ಕೈಚೀಲ ಎತ್ತಿಕೊಂಡು, ಜಗದೇವಿ ಎಂದಿನಂತೆ ತಂದಿಟ್ಟಿದ್ದ ನೀರನ್ನು ಮುಟ್ಟದೆ, ಬಾಗಿಲು ದಾಟಿ ಹೋದಳು.

*

ಅಂದು ಸಂಜೆ ಜಗದೇವಿ ಹದಿನೇಳರ ಪಕ್ಕ ನೆಲದ ಮೇಲೆ ಕೂತಿದ್ದಳು. ಕೆಲಸ ಉಳಿಯುತ್ತದೋ ಇಲ್ಲವೋ ಅಂಬಾರಾಯ ಹೇಳಿರಲಿಲ್ಲ. ಕಲ್ಲು ಇನ್ನೂ ಬಿಸಿಯಿತ್ತು. ಹೆಜ್ಜೆಯ ಸದ್ದು ಕೇಳಿ ತಲೆ ಎತ್ತಿದರೆ ಶಿವಲೀಲಾ. ಕೈಯಲ್ಲಿ ಅವಳ ಲೆಕ್ಕದ ದಪ್ಪ ನೋಟ್‌ಬುಕ್ಕು. ಕಣ್ಣು ಕೆಂಪಾಗಿದ್ದವು. ಹೊಡೆದರೂ ಹೊಡೆದಾಳು ಎನಿಸಿತು. ಹೊಡೆದಿದ್ದರೆ ಹಗುರವಾಗುತ್ತಿತ್ತು.

ಶಿವಲೀಲಾ ಎದುರಿಗೆ ಕೂತು ನೋಟ್‌ಬುಕ್ಕಿನ ಖಾಲಿ ಹಾಳೆ ತೆರೆದು ನೆಲದ ಮೇಲಿಟ್ಟಳು.

“ಹದಿನೇಳು ಬಿಟ್ಟು ಇನ್ನೂರ ಹನ್ನೊಂದು ಅದಾವ. ಅದರಾಗ ನೀ ಹೇಳಲಾರದ್ದು ಇನ್ನೆಷ್ಟು ಅದ?”

ಜಗದೇವಿ ಯೋಚಿಸಿದಳು. “ಭಾಳ ಅದರಿ.”

“ಬರಿ.”

“ನಾನಾ? ನನ್ನ ಅಕ್ಷರ…”

“ಗೊತ್ತದ. ಕಾಗಿ ಕಾಲು ಗುಬ್ಬಿ ಕಾಲು.” ಶಿವಲೀಲಾಳ ದನಿಯಲ್ಲಿ ಮೆದುತನವೆಂಬುದೇ ಇರಲಿಲ್ಲ. “ಆದ್ರೂ ನಿನ್ನ ಕೈಲೇ ಬರಿ. ನಾ ಬರದ್ರ ಅದು ಮತ್ತ ನನ್ನ ಲೆಕ್ಕ ಆಗ್ತದ. ಮತ್ತ ನಿನ್ನ ಹೊಟ್ಟಿ ಉರೀತದ.”

ಜಗದೇವಿಯ ಮುಖಕ್ಕೆ ರಕ್ತ ನುಗ್ಗಿತು. ಎಂಟು ತಿಂಗಳು ಒಂದೇ ಒಲೆಯ ಮುಂದೆ ಕೂತು, ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದೇನೆ ಎಂದು ಅವಳು ತಿಳಿದಿದ್ದಳು.

“ನಿಮಗ ಗೊತ್ತಿತ್ತೇನ್ರಿ?”

“ನೀ ನನ್ನ ರೊಟ್ಟಿ ತಿನ್ನೋದು ನೋಡಿದ್ರ ಯಾರಿಗರೆ ಗೊತ್ತಾಗ್ತದ.”

“ಮತ್ತ ಅವತ್ತು ನನ್ನೇ ಯಾಕ ಕೇಳಿದ್ರಿ?”

ಶಿವಲೀಲಾ ಪೆನ್ನಿನ ಟೋಪಿ ತೆಗೆದು ಅವಳ ಕೈಗೆ ಕೊಟ್ಟಳು.

“ಬ್ಯಾರೆ ಯಾರ್ನ ಕೇಳಬೇಕಿತ್ತು?” ಎಂದಳು. “ಗೊತ್ತಿದ್ದಾಕಿ ನೀ ಒಬ್ಬಾಕಿ.”